ಹಗ್, ಕಡಲ್, ಫಾಂಡಲ್: ಎಲ್ಲವೂ ‘ಮುದ್ದಿಸು’ ಅಲ್ಲ

ಎರಡನೇ ಕ್ಲಾಸಿನ ಒಂದು ವರ್ಕ್‌ಶೀಟ್ ನೋಡಿದೆ. ‘ಹಗ್’ ಪದಕ್ಕೆ ಅದೇ ಅರ್ಥದ ನಾಲ್ಕು ಪದ ಬರೆಯಿರಿ ಎಂದು ಕೇಳಿದ್ದರು. ಮಗು ಗೈಡ್ ನೋಡಿ ಬರೆದಿತ್ತು: ಎಂಬ್ರೇಸ್, ಕಡಲ್, ಕರೆಸ್, ಫಾಂಡಲ್. ನಾಲ್ಕಕ್ಕೂ ರೈಟ್ ಬಿದ್ದಿತ್ತು, ಪಕ್ಕದಲ್ಲಿ ಒಂದು ಸ್ಟಾರ್ ಕೂಡ ಇತ್ತು. ಇಂಥದ್ದು ಇದೇ ಮೊದಲಲ್ಲ. ಗೋಡೆಗೆ ಅಂಟಿಸುವ ಚಾರ್ಟು, ವಾಟ್ಸಾಪಿನಲ್ಲಿ ಬರುವ ‘ದಿನಕ್ಕೊಂದು ಇಂಗ್ಲಿಷ್ ಪದ’, ಮಕ್ಕಳ ಪುಟ್ಟ ಡಿಕ್ಷನರಿ, ಎಲ್ಲಿ ನೋಡಿದರೂ ಇವಕ್ಕೆ ಒಂದೇ ಸಾಲಿನ ಅರ್ಥ: ‘ಅಪ್ಪಿಕೊಳ್ಳು, ಮುದ್ದಿಸು’. ಮೊದಲ ಮೂರನ್ನು ಹೇಗೋ ಸಹಿಸಿಕೊಳ್ಳಬಹುದು. ಕೊನೆಯದನ್ನು ಆಗುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ಅದಕ್ಕೆ ಜಾಗ ಜಾಸ್ತಿ ಬೇಕು.

ಹಗ್ ಅಂದರೆ ತೋಳು ಸುತ್ತಿ, ಒಮ್ಮೆ ಬಿಗಿಯಾಗಿ ಹಿಡಿದು, ಬಿಡುವುದು. ಬಿಡುವುದೂ ಅರ್ಥದಲ್ಲಿ ಸೇರಿದೆ. ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವಾಗ ಮಗು ಅಮ್ಮನಿಗೆ ಕೊಡುವುದು ಹಗ್. ನಿಂತುಕೊಂಡೇ ಮಾಡಬಹುದು, ಅವಸರದಲ್ಲೂ ಮಾಡಬಹುದು. ಎದುರಿನವರು ತಿರುಗಿ ತಬ್ಬಲೇಬೇಕು ಅಂತೇನಿಲ್ಲ. ಹಾಗಾಗಿ ಮರವನ್ನೂ ಹಗ್ ಮಾಡಬಹುದು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ತಬ್ಬಿ ನಿಂತು, ಕಡಿಯುವುದನ್ನು ತಡೆದರು. ಪಾಂಡುರಂಗ ಹೆಗಡೆಯವರು ಮುನ್ನಡೆಸಿದ ಆ ಅಪ್ಪಿಕೋ ಚಳವಳಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರು ‘ಹಗ್’ ಅನ್ನುತ್ತಾರೆ, ‘ಎಂಬ್ರೇಸ್’ ಅಂತಲೂ ಅನ್ನುತ್ತಾರೆ. ‘ಕಡಲ್’ ಅಂದರೆ ಮಾತ್ರ ಅದು ಬೇರೆಯೇ ಚಿತ್ರವಾಗುತ್ತದೆ. ಈ ಒಂದು ಉದಾಹರಣೆ ಹೇಳಿ ನೋಡಿ, ಹಗ್ ಬೇರೆ, ಕಡಲ್ ಬೇರೆ ಅನ್ನುವುದು ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ.

ಎಂಬ್ರೇಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರ ಬೇರು ಲ್ಯಾಟಿನ್ನಿನ ‘ಬ್ರಾಕಿಯಂ’, ಅಂದರೆ ತೋಳು. ಬ್ರೇಸ್‌ಲೆಟ್ ಕೂಡ ಅಲ್ಲಿಂದಲೇ ಬಂದದ್ದು. ಇದು ದೊಡ್ಡವರ ಪದ, ಬರವಣಿಗೆಯ ಪದ. ಒಂದು ಧರ್ಮವನ್ನೋ ಹೊಸ ವಿಚಾರವನ್ನೋ ಒಪ್ಪಿಕೊಂಡರೂ ‘ಎಂಬ್ರೇಸ್’ ಅನ್ನುತ್ತಾರೆ. ಕನ್ನಡದ ಯಾವ ಮಗುವೂ ‘ಅಮ್ಮಾ, ನನ್ನನ್ನು ಆಲಿಂಗಿಸು’ ಅನ್ನುವುದಿಲ್ಲ, ಅಲ್ವಾ? ಇದೂ ಅಷ್ಟೇ. ಎಂಟು ವರ್ಷದ ಮಗುವಿನ ಪ್ರಬಂಧದಲ್ಲಿ ‘ಐ ಎಂಬ್ರೇಸ್‌ಡ್ ಮೈ ಬ್ರದರ್’ ಅಂತ ಬಂದರೆ ಅದು ಮಗುವಿನ ಮಾತಲ್ಲ, ಟ್ಯೂಷನ್ನಿನ ಮಾತು.

ಕಡಲ್ ಆಗಬೇಕಾದರೆ ಪುರುಸೊತ್ತು ಬೇಕು. ಕೂತಿರಬೇಕು ಇಲ್ಲವೇ ಮಲಗಿರಬೇಕು, ಮೈಗೆ ಮೈ ತಾಗಿರಬೇಕು, ಏಳುವ ಆತುರ ಇರಬಾರದು. ಜ್ವರ ಬಂದ ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು, ಎದೆಗೆ ಅವುಚಿಕೊಂಡು ಮಲಗುತ್ತೀರಲ್ಲ, ಅದು ಕಡಲ್. ಸ್ನಗಲ್ ಇದಕ್ಕೆ ತೀರಾ ಹತ್ತಿರದ್ದು, ಆದರೆ ಅಲ್ಲಿ ಬೆಚ್ಚಗಿರುವುದು ಮುಖ್ಯ. ಅದರ ಒಳಗಿರುವ ‘ಸ್ನಗ್’ ಮೊದಲು ಹಡಗಿನವರ ಪದವಾಗಿತ್ತು. ಬಿರುಗಾಳಿ ಬರುವ ಮೊದಲು ಎಲ್ಲ ಕಟ್ಟಿ ಬಿಗಿದು ಭದ್ರ ಮಾಡಿಕೊಂಡ ಹಡಗನ್ನು ಸ್ನಗ್ ಅನ್ನುತ್ತಿದ್ದರು. ಆಮೇಲೆ ಅದು ಹಾಸಿಗೆಗೆ ಬಂತು. ಹಾಗಾಗಿ ಸ್ನಗಲ್ ಮಾಡಲು ಇನ್ನೊಬ್ಬರು ಇರಲೇಬೇಕು ಅಂತಿಲ್ಲ. ಚಳಿಗಾಲದ ಬೆಳಗ್ಗೆ ಕೌದಿಯೊಳಗೆ ಒಬ್ಬನೇ ಮುದುರಿಕೊಂಡು ಮಲಗಿದ ಹುಡುಗನೂ ಸ್ನಗಲ್ ಮಾಡುತ್ತಿದ್ದಾನೆ. ಕಡಲ್ ಹಾಗಲ್ಲ, ಅದಕ್ಕೆ ಜೊತೆ ಬೇಕು. ಜೊತೆ ಗೊಂಬೆಯಾದರೂ ಸರಿ.

ಇದೇ ಕುಟುಂಬದ ಇನ್ನೆರಡು ಪದ ಮಕ್ಕಳಿಗೆ ಬಹಳ ಇಷ್ಟವಾಗುತ್ತವೆ. ನಜಲ್ ಬಂದಿದ್ದು ‘ನೋಸ್’ನಿಂದ, ಅಂದರೆ ಮೂಗಿನಿಂದ. ಕರು ಬಂದು ನಿಮ್ಮ ಅಂಗೈಗೆ ಮೂತಿ ಒತ್ತಿ ಒತ್ತಿ ಉಜ್ಜಿದರೆ ಅದು ನಜಲ್. ಮೂಗಿಲ್ಲದೆ ನಜಲ್ ಇಲ್ಲ. ನೆಸಲ್ ಬಂದಿದ್ದು ‘ನೆಸ್ಟ್’ನಿಂದ, ಅಂದರೆ ಗೂಡಿನಿಂದ. ಗೂಡಿನಲ್ಲಿ ಮರಿ ಕೂತ ಹಾಗೆ ಬೆಚ್ಚಗೆ ಒತ್ತಿಕೊಂಡು ಕೂತರೆ ಅದು ನೆಸಲ್. ನೆಸ್ಲೆ ಕಂಪನಿಯ ಗುರುತಿನಲ್ಲಿ ಹಕ್ಕಿ ಗೂಡು ಇರುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ. ಕಂಪನಿ ಕಟ್ಟಿದ ಹೆನ್ರಿ ನೆಸ್ಲೆಯ ಮನೆತನದ ಹೆಸರಿಗೆ ಅವರ ಕಡೆಯ ಜರ್ಮನ್ನಿನಲ್ಲಿ ‘ಪುಟ್ಟ ಗೂಡು’ ಎಂದೇ ಅರ್ಥ. ಇನ್ನು ಸ್ನಗಲ್, ನಜಲ್ ಪದಗಳ ಕೊನೆಯಲ್ಲಿ ಬರುವ ‘ಲ್’ ಇದೆಯಲ್ಲ, ಅದು ಸುಮ್ನೆ ಬಂದಿದ್ದಲ್ಲ. ಒಂದೇ ಕೆಲಸ ಸಣ್ಣ ಸಣ್ಣದಾಗಿ ಮತ್ತೆ ಮತ್ತೆ ಆಗುತ್ತಿದೆ ಎಂದು ಅದು ಹೇಳುತ್ತದೆ. ‘ಸ್ಪಾರ್ಕ್’ನಿಂದ ‘ಸ್ಪಾರ್ಕಲ್’ ಆದದ್ದೂ ಹೀಗೆಯೇ. ನಾವು ಅದನ್ನೇ ‘ತಟ್ಟಿ ತಟ್ಟಿ’, ‘ಸವರಿ ಸವರಿ’ ಎಂದು ಎರಡು ಸಲ ಹೇಳಿ ಸಾಧಿಸುತ್ತೇವೆ.

ತಟ್ಟುವುದು, ಸವರುವುದು ಅಂದಾಗ ಪ್ಯಾಟ್, ಸ್ಟ್ರೋಕ್ ನೆನಪಾಗುತ್ತವೆ. ಕೈ ಮೇಲೆದ್ದು ಮತ್ತೆ ಬಿದ್ದರೆ ಪ್ಯಾಟ್. ಮೇಲೇಳದೆ ಒಂದೇ ದಿಕ್ಕಿಗೆ ಜಾರಿದರೆ ಸ್ಟ್ರೋಕ್. ನಾವು ಬೆನ್ನು ತಟ್ಟುವುದಕ್ಕೂ ತಲೆ ನೇವರಿಸುವುದಕ್ಕೂ ಇರುವ ವ್ಯತ್ಯಾಸವೇ ಇದು, ಕನ್ನಡದ ಮಗುವಿಗೆ ಹೊಸದಾಗಿ ಕಲಿಸುವುದೇನೂ ಇಲ್ಲ. ತೊಂದರೆ ಏನೆಂದರೆ ನಮ್ಮಲ್ಲಿ ‘ಸ್ಟ್ರೋಕ್’ ಅಂದರೆ ಲಕ್ವ. ಮಗು ‘ಅಜ್ಜಿ ಸ್ಟ್ರೋಕ್‌ಡ್ ಮೈ ಹೇರ್’ ಎಂದು ಸರಿಯಾಗಿಯೇ ಬರೆದರೂ ಮನೆಯವರು ಗಾಬರಿಯಾಗಿ ಹೊಡೆದು ಹಾಕಿಬಿಡುತ್ತಾರೆ. ಹೊಡೆದು ಹಾಕಬೇಡಿ. ಸವರುವ ಸ್ಟ್ರೋಕ್, ಹೊಡೆತದ ಸ್ಟ್ರೋಕ್, ‘ಸ್ಟ್ರೈಕ್’ ಎಲ್ಲದಕ್ಕೂ ಹಳೆಯ ಬೇರು ಒಂದೇ. ‘ಸ್ಟ್ರೈಕ್’ ಕೂಡ ಮೊದಲು ಮೆತ್ತಗೆ ಕೈಯಾಡಿಸುವುದೇ ಆಗಿತ್ತು. ಕನ್ನಡದಲ್ಲೂ ತಲೆ ಸವರುತ್ತೇವೆ, ಬೇಲಿಯ ಕೊಂಬೆಗಳನ್ನೂ ಕತ್ತಿ ಹಿಡಿದು ಸವರುತ್ತೇವೆ. ಬೆಕ್ಕಿನ ಮೈ ಸವರುವುದಕ್ಕೆ ಇಂಗ್ಲೆಂಡಿನವರು ಸ್ಟ್ರೋಕ್ ಅಂದರೆ ಅಮೆರಿಕದವರು ಪೆಟ್ ಅನ್ನುತ್ತಾರೆ. ಅಷ್ಟೇ ವ್ಯತ್ಯಾಸ.

ಮುತ್ತಿನ ವಿಷಯ ಬೇಗ ಮುಗಿಸೋಣ. ಹಕ್ಕಿ ಕುಕ್ಕಿದ ಹಾಗೆ ಕೆನ್ನೆಗೆ ಚಕ್ಕನೆ ಕೊಟ್ಟರೆ ಪೆಕ್. ‘ಫ್ಲೈಯಿಂಗ್ ಕಿಸ್’ ನಮ್ಮ ದೇಶದ ಇಂಗ್ಲಿಷ್. ಹೊರಗಿನವರು ‘ಬ್ಲೋ ಎ ಕಿಸ್’ ಅನ್ನುತ್ತಾರೆ, ಮುತ್ತನ್ನು ಊದಿ ಕಳಿಸುತ್ತಾರೆ. ನಮ್ಮದನ್ನು ತಪ್ಪು ಅನ್ನಬೇಕಿಲ್ಲ, ಎರಡನ್ನೂ ಹೇಳಿಕೊಟ್ಟರಾಯಿತು.

ಈಗ ಫಾಂಡಲ್.

ಇದರ ಒಳಗಿರುವ ‘ಫಾಂಡ್’ ಇವತ್ತು ಒಳ್ಳೆಯ ಪದ. ‘ಐ ಆ್ಯಮ್ ಫಾಂಡ್ ಆಫ್ ಮ್ಯಾಂಗೋಸ್’ ಎಂದು ಮಕ್ಕಳೇ ಬರೆಯುತ್ತಾರೆ. ಆದರೆ ಅದರ ಹುಟ್ಟು ಬೇರೆ. ಮಧ್ಯಯುಗದ ಇಂಗ್ಲಿಷಿನಲ್ಲಿ ‘ಫಾನ್’ ಅಂದರೆ ಪೆದ್ದ. ಬುದ್ಧಿ ಕೆಟ್ಟವನು ‘ಫಾಂಡ್’. ಈಡೇರದ ಪೊಳ್ಳು ಆಸೆಗೆ ಇವತ್ತಿಗೂ ‘ಫಾಂಡ್ ಹೋಪ್’ ಅನ್ನುವುದರಲ್ಲಿ ಆ ಹಳೆಯ ಅರ್ಥ ಉಳಿದಿದೆ. ಪೆದ್ದನಿಂದ ಅದು ‘ಬುದ್ಧಿ ಕಳೆದುಕೊಳ್ಳುವಷ್ಟು ಪ್ರೀತಿಸುವವನು’ ಎಂಬ ಕಡೆಗೆ ತಿರುಗಿತು. ಅಲ್ಲಿಂದ ಬರೀ ‘ಇಷ್ಟಪಡುವವನು’ ಆಯಿತು. ಹದಿನೇಳನೇ ಶತಮಾನದ ಕೊನೆಗೆ ‘ಫಾಂಡಲ್’ ಕಾಣಿಸಿಕೊಂಡಾಗ ಅದರ ಅರ್ಥ ಅತಿ ಮುದ್ದು ಮಾಡುವುದು. ಆಮೇಲೆ ಮುಟ್ಟಿ ಮುದ್ದಿಸುವುದು ಎಂದಾಯಿತು. ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಅಜ್ಜಿಯರು ಮೊಮ್ಮಕ್ಕಳನ್ನು ಫಾಂಡಲ್ ಮಾಡುವುದುಂಟು, ಯಜಮಾನ ನಾಯಿಯ ಕಿವಿಯನ್ನು ಫಾಂಡಲ್ ಮಾಡುವುದುಂಟು. ಅಲ್ಲಿ ಕೊಳಕು ಏನೂ ಇಲ್ಲ.

ಆ ಕಾಲ ಮುಗಿದಿದೆ. ಇವತ್ತಿನ ಇಂಗ್ಲಿಷಿನಲ್ಲಿ ಒಬ್ಬ ದೊಡ್ಡವನು ಮಗುವನ್ನು ಫಾಂಡಲ್ ಮಾಡಿದ ಅಂದರೆ ಅದು ಅಪರಾಧದ ಸುದ್ದಿ. ಯಾವ ಇಂಗ್ಲಿಷ್ ಪೇಪರಾದರೂ ತೆಗೆದು ನೋಡಿ, ಈ ಪದ ಕಾಣುವುದು ಪೊಲೀಸ್ ಕೇಸಿನ ವರದಿಯಲ್ಲಿ. ಮುಟ್ಟಬಾರದ ಜಾಗದಲ್ಲಿ, ಮುಟ್ಟಬಾರದ ರೀತಿಯಲ್ಲಿ ಮುಟ್ಟುವುದು ಎಂದೇ ಓದುವವರು ತಿಳಿಯುತ್ತಾರೆ. ಹೀಗಿರುವಾಗ ‘ಮೈ ಅಂಕಲ್ ಫಾಂಡಲ್ಸ್ ಮಿ’ ಎಂದು ಏಳು ವರ್ಷದ ಮಗುವಿನ ಕೈಯಲ್ಲಿ ಬರೆಸಿ ಸ್ಟಾರ್ ಕೊಡುವುದು ಎಂಥ ಕೆಲಸ ಯೋಚಿಸಿ. ಇಲ್ಲಿ ಎರಡು ಅಪಾಯ ಇದೆ. ಏನೂ ಅರಿಯದೆ ಬರೆದ ವಾಕ್ಯ ಯಾರನ್ನಾದರೂ ಸುಮ್ಮನೆ ಅನುಮಾನಕ್ಕೆ ಗುರಿ ಮಾಡಬಹುದು. ಇದಕ್ಕಿಂತ ದೊಡ್ಡದು ಇನ್ನೊಂದು: ಆ ಮಗುವಿಗೆ ನಿಜವಾಗಿ ಕೆಟ್ಟದ್ದು ನಡೆದಾಗ ಅದು ಪೇಪರಿನಲ್ಲಿ ಆ ಪದ ಕಂಡರೂ, ‘ಓ, ಇದು ಪ್ರೀತಿ ತೋರಿಸುವ ಪದ, ನಮಗೆ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರೆ’ ಅಂದುಕೊಳ್ಳುತ್ತದೆ. ಪ್ರೀತಿ ಮತ್ತು ಹಿಂಸೆಗೆ ಒಂದೇ ಹೆಸರು ಕೊಟ್ಟು ಮಗುವನ್ನು ಗೊಂದಲಕ್ಕೆ ತಳ್ಳಿದ ಹಾಗಾಯಿತು. ಅದೇ ಶಾಲೆಯಲ್ಲಿ ಮುಂದಿನ ಪೀರಿಯಡ್ಡಿನಲ್ಲಿ ಗುಡ್ ಟಚ್, ಬ್ಯಾಡ್ ಟಚ್ ಪಾಠವೂ ಇರುತ್ತದೆ!

ಕರೆಸ್, ಅಂದರೆ ಪ್ರೀತಿಯಿಂದ ಮೆತ್ತಗೆ ಸವರುವುದು, ಇಷ್ಟು ಕೆಟ್ಟದ್ದಲ್ಲ. ಲ್ಯಾಟಿನ್ನಿನ ‘ಕಾರುಸ್’, ಅಂದರೆ ಪ್ರೀತಿಪಾತ್ರ, ಅದರ ಮೂಲ. ‘ಚೆರಿಶ್’ ಅದರ ಸೋದರ ಪದ. ತಾಯಿ ಕೂಸಿನ ಕೆನ್ನೆಯನ್ನು ಕರೆಸ್ ಮಾಡಿದಳು ಎಂದರೆ ತಪ್ಪಿಲ್ಲ. ಆದರೆ ಅದು ಹೆಚ್ಚಾಗಿ ಓಡಾಡುವುದು ಪ್ರೇಮಿಗಳ ನಡುವೆ. ‘ದ ಟೀಚರ್ ಕರೆಸ್‌ಡ್ ದ ಸ್ಟೂಡೆಂಟ್’ ಎಂದು ಬರೆದರೆ ಓದಿದವರ ಹುಬ್ಬು ಮೇಲೇರುತ್ತದೆ. ಟೀಚರ್ ಬೆನ್ನು ತಟ್ಟಿದ್ದರೆ ‘ಪ್ಯಾಟೆಡ್ ಆನ್ ದ ಬ್ಯಾಕ್’ ಅನ್ನಿ, ಮುಗಿಯಿತು.

ಹಾಗಾದರೆ ಮಕ್ಕಳಿಗೆ ಕಲಿಸುವುದು ಹೇಗೆ? ಸಮಾನಾರ್ಥಕ ಪದಗಳ ಪಟ್ಟಿಯನ್ನು ಬದಿಗಿಡಿ. ಒಂದು ಗೊಂಬೆ ತಗೊಳ್ಳಿ. ತಬ್ಬಿ ಬಿಡಿ, ಹಗ್. ತೊಡೆಯ ಮೇಲೆ ಅವುಚಿಕೊಂಡು ಕೂತುಬಿಡಿ, ಕಡಲ್. ತಲೆ ತಟ್ಟಿ, ಆಮೇಲೆ ಸವರಿ. ಮಗುವಿನ ಕೈಗೆ ಗೊಂಬೆ ಕೊಟ್ಟು ನೀವು ಪದ ಹೇಳಿ, ಅದು ಮಾಡಿ ತೋರಿಸಲಿ. ಜೊತೆಗೆ ಕನ್ನಡದ ಪದವನ್ನೂ ಬಿಡಿಸಿ ಹೇಳಿ. ಎಲ್ಲಕ್ಕೂ ‘ಮುದ್ದಿಸು’ ಅನ್ನಬೇಡಿ. ತಟ್ಟು, ಸವರು, ಅವುಚು, ಗಲ್ಲ ಹಿಂಡು, ಕಚಗುಳಿ ಇಡು, ನಮಗೇನು ಪದಗಳಿಗೆ ಬರವೇ? ಯಾವ ಜಾಗ, ಮುಟ್ಟಿದ್ದು ಕೈಯೋ ಮೂಗೋ ತುಟಿಯೋ, ಎಷ್ಟು ಹೊತ್ತು, ಬೇಡ ಅಂದಾಗ ಬಿಟ್ಟರಾ? ಈ ನಾಲ್ಕನ್ನು ಮಗು ತನ್ನ ಮಾತಿನಲ್ಲಿ ಹೇಳಲು ಕಲಿತರೆ ಇಂಗ್ಲಿಷೂ ಬರುತ್ತದೆ, ಇನ್ನೊಂದೂ ಬರುತ್ತದೆ.

ಆ ಇನ್ನೊಂದು ಏನೆಂದರೆ, ನಡೆದದ್ದನ್ನು ನಡೆದ ಹಾಗೆ ಹೇಳುವ ಶಕ್ತಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆ ಮಗುವಿನ ಹೇಳಿಕೆಯನ್ನು ಮಗು ಹೇಳಿದಂತೆಯೇ ಬರೆದುಕೊಳ್ಳಬೇಕು ಅನ್ನುತ್ತದೆ. ತಂದೆ ತಾಯಿ ಇಲ್ಲವೇ ಮಗು ನಂಬುವ ಯಾರಾದರೂ ಜೊತೆಗಿರಬೇಕು. ‘ಇಲ್ಲಿ ಹೀಗೆ ಸವರಿದರು’ ಎಂದು ಮಗು ಹೇಳಿದರೆ ಅಲ್ಲಿ ಬೇಕಾಗಿರುವುದು ಅದೇ ಮಾತು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದಾಗಲೂ ಅದು ತನಗೆ ಗೊತ್ತಿರುವ ಪದದಲ್ಲೇ ಹೇಳಲಿ.

ಫಾಂಡಲ್ ಪದವನ್ನು ಚಿಕ್ಕ ಮಕ್ಕಳ ಪಟ್ಟಿಯಿಂದ ಪೂರ್ತಿ ತೆಗೆದುಹಾಕಿ. ಆರನೇ, ಏಳನೇ ಕ್ಲಾಸಿಗೆ ಬಂದವರು ಪೇಪರ್ ಓದುತ್ತಾರೆ, ಫೋನ್ ನೋಡುತ್ತಾರೆ, ಅವರಿಗೆ ಅದು ಎದುರಾಗಿಯೇ ಆಗುತ್ತದೆ. ಅವರು ಗೈಡ್ ತೆಗೆದು ಅರ್ಥ ಹುಡುಕುವ ಮೊದಲೇ ಮನೆಯಲ್ಲಿ ಯಾರಾದರೂ ಪಕ್ಕದಲ್ಲಿ ಕೂರಿಸಿಕೊಂಡು, ಮುಚ್ಚುಮರೆ ಮಾಡದೆ, ಇವತ್ತಿನ ಅರ್ಥವನ್ನೇ ಹೇಳಿಬಿಡಿ.