ಬರೆದ ಇಸವಿ ಮೊದಲು ನೋಡಿ: ವಿಜ್ಞಾನ ಕಥೆ ಓದುವ ಬಗೆ

ವಿಜ್ಞಾನ ಕಥೆ ಎಂದರೆ ಮುಂದೆ ಆಗುವುದನ್ನು ಮೊದಲೇ ಹೇಳುವ ಕಥೆ ಎಂದು ನಾವು ಅಂದುಕೊಂಡಿರುತ್ತೇವೆ. ಲೇಖಕರು ಹೇಳಿದ ಯಂತ್ರ ನಿಜವಾಗಿ ಬಂತಾ, ಇಲ್ವಾ ಎಂದು ತಾಳೆ ನೋಡುತ್ತೇವೆ. ಈ ಅಭ್ಯಾಸ ಬಿಡಿ. ಕಥೆ ಎಷ್ಟೇ ದೂರದ ಕಾಲದಲ್ಲಿ ನಡೆಯಲಿ, ಅದರೊಳಗಿನ ಚಿಂತೆ ಬರೆದ ಕಾಲದ್ದೇ. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ಅವರ 1895ರ ಕಾದಂಬರಿ ‘ದಿ ಟೈಮ್ ಮಷೀನ್’ ಕ್ರಿ.ಶ. 8,02,701ಕ್ಕೆ ಹೋಗುತ್ತದೆ. ಅಲ್ಲಿ ಕಾಣುವುದೇನು? ನೆಲದ ಮೇಲೆ ದುಡಿಮೆಯೇ ಗೊತ್ತಿಲ್ಲದೆ ಹಾಯಾಗಿರುವವರು, ನೆಲದಡಿ ಕತ್ತಲಲ್ಲಿ ಯಂತ್ರ ನಡೆಸುವವರು. ಆಗಿನ ಇಂಗ್ಲೆಂಡಿನ ಮಾಲೀಕ, ಕಾರ್ಮಿಕರ ಅಂತರವನ್ನೇ ವೆಲ್ಸ್ ಲಕ್ಷಾಂತರ ವರ್ಷ ಎಳೆದು ತೋರಿಸಿದರು.

ಒಂದೇ ಕೃತಿ ಓದಲು ಸಮಯವಿದ್ದರೆ ಜೆಕ್ ಲೇಖಕ ಕಾರೆಲ್ ಚಾಪೆಕ್ ಅವರ ‘ಆರ್.ಯು.ಆರ್.’ ನಾಟಕ ಓದಿ. 1920ರಲ್ಲಿ ಅಚ್ಚಾಗಿ ಮರುವರ್ಷ ಪ್ರಾಗ್‌ನಲ್ಲಿ ರಂಗಕ್ಕೆ ಬಂತು. ‘ರೋಬಾಟ್’ ಎಂಬ ಪದ ಜಗತ್ತಿಗೆ ಸಿಕ್ಕಿದ್ದು ಇಲ್ಲಿಂದ. ಅದನ್ನು ಸೂಚಿಸಿದವರು ಕಾರೆಲ್ ಅವರ ಅಣ್ಣ ಯೋಸೆಫ್. ಜೆಕ್ ಭಾಷೆಯ ‘ರೋಬೋಟಾ’ ಅಂದರೆ ಒಕ್ಕಲುಗಳು ಒಡೆಯನಿಗೆ ಮಾಡಲೇಬೇಕಿದ್ದ ಬಿಟ್ಟಿ ಚಾಕರಿ. ಯಾರ ದುಡಿಮೆ, ಯಾರಿಗೆ ಲಾಭ ಎಂಬ ಪ್ರಶ್ನೆ ಹೆಸರಲ್ಲೇ ಇದೆ, ಅಲ್ವಾ?

ಇಲ್ಲೊಂದು ಎಚ್ಚರ. ಈ ರೋಬಾಟ್‌ಗಳು ಕಬ್ಬಿಣದವಲ್ಲ. ಕಾರ್ಖಾನೆಯಲ್ಲಿ ಜೀವದ್ರವ್ಯದಿಂದ ಮಾಡಿದವು, ನೋಡಲು ಥೇಟ್ ಮನುಷ್ಯರು. ಮನುಷ್ಯನಿಗೆ ಖುಷಿಯಾಗುತ್ತದೆ, ಪಿಟೀಲು ನುಡಿಸಬೇಕು, ಸುಮ್ನೆ ಅಡ್ಡಾಡಬೇಕು ಅನ್ನಿಸುತ್ತದೆ. ದುಡಿಮೆಗೆ ಇದೆಲ್ಲ ಯಾಕೆ ಎಂದು ತಯಾರಕರು ಅದನ್ನು ತೆಗೆದುಹಾಕುತ್ತಾರೆ. ಕೊನೆಗೆ ರೋಬಾಟ್‌ಗಳು ಏಳುವ ದಂಗೆಗಿಂತ ನನ್ನನ್ನು ಜಾಸ್ತಿ ಹೆದರಿಸಿದ್ದು ಈ ಲೆಕ್ಕಾಚಾರ. ಕಾರ್ಮಿಕರನ್ನು ಬರೀ ಕೈಗಳೆಂದು ಎಣಿಸುವ ಕಾರ್ಖಾನೆಗಳು ಆಗ ಬೆಳೆಯುತ್ತಿದ್ದವು. ಫೋರ್ಡ್ ಕಾರು ಕಾರ್ಖಾನೆಯ ಚಲಿಸುವ ಅಸೆಂಬ್ಲಿ ಲೈನ್ (ಕಾರು ಮುಂದೆ ಸಾಗಿದಂತೆ ಒಬ್ಬೊಬ್ಬರು ಒಂದೊಂದೇ ಕೆಲಸ ಮಾಡುವ ಸಾಲು) 1913ರಲ್ಲೇ ಶುರುವಾಗಿತ್ತು. ನಾಟಕ ಅಚ್ಚಾದಾಗ ಮೊದಲ ಮಹಾಯುದ್ಧ ಮುಗಿದು ಎರಡೇ ವರ್ಷ. ನಾಟಕದಲ್ಲೂ ಸರ್ಕಾರಗಳು ರೋಬಾಟ್‌ಗಳನ್ನು ಸೈನಿಕರನ್ನಾಗಿ ಮಾಡುತ್ತವೆ. ಕೊನೆಗೆ ಅವು ದಂಗೆ ಎದ್ದು ಮನುಷ್ಯರನ್ನು ಕೊಂದು, ಆಲ್ಕ್ವಿಸ್ಟ್ ಎಂಬ ಒಬ್ಬನನ್ನು ಮಾತ್ರ ಉಳಿಸುತ್ತವೆ. ಯಾಕೆಂದರೆ ಅವನೂ ತಮ್ಮಂತೆ ಕೈಯಾರೆ ದುಡಿಯುತ್ತಾನೆ. ಓದುವಾಗ ಈ ವಿವರ ಬಿಡಬೇಡಿ.

ಸಿನಿಮಾದಲ್ಲಿ ಮಾತಿಗಿಂತ ದೃಶ್ಯದ ಮೇಲೆ ಕಣ್ಣಿಡಿ. ಫ್ರಿಟ್ಜ್ ಲಾಂಗ್ ಅವರ 1927ರ ಮೂಕಿ ಚಿತ್ರ ‘ಮೆಟ್ರೊಪೊಲಿಸ್’ನಲ್ಲಿ ಪಾಳಿ ಬದಲಾಗುತ್ತದೆ. ಕಾರ್ಮಿಕರು ತಲೆ ತಗ್ಗಿಸಿ ಒಂದೇ ಹೆಜ್ಜೆಯಲ್ಲಿ ಸಾಲಾಗಿ ನಡೆಯುತ್ತಾರೆ. ಅಷ್ಟೇ ಸಾಕು. ಮಾಲೀಕ ಕಾರ್ಮಿಕನ ಕೈ ಕುಲುಕುವ ಕೊನೆಯ ದೃಶ್ಯ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಯಂತ್ರ ಯಾರದ್ದು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಇಸವಿ ನೋಡುವುದರ ಬೆಲೆ ಗೊತ್ತಾಗುವುದು ಸಮುದ್ರದಿಂದ ಎದ್ದುಬರುವ ದೈತ್ಯ ಮೃಗದ ಕಥೆಯ ಜಪಾನಿ ಸಿನಿಮಾ ‘ಗಾಡ್ಜಿಲ್ಲಾ’ದಲ್ಲಿ. ಅದು ಬಂದದ್ದು 1954ರ ನವೆಂಬರ್‌ನಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತ್ತು. ಜಪಾನಿನ ಮೀನುಗಾರಿಕೆ ದೋಣಿಯೊಂದರ 23 ಜನರ ಮೇಲೆ ವಿಕಿರಣದ ಬೂದಿ ಬಿದ್ದಿತ್ತು. ಸೆಪ್ಟೆಂಬರ್‌ನಲ್ಲಿ ಅವರಲ್ಲೊಬ್ಬರು ತೀರಿಕೊಂಡರು. ಸಿನಿಮಾದ ಮೊದಲಲ್ಲೇ ಸಮುದ್ರದಲ್ಲಿ ಒಂದು ಹಡಗು ಬೆಳಕಿನ ಹೊಡೆತಕ್ಕೆ ಸಿಕ್ಕು ಉರಿಯುತ್ತದೆ. ಆಗ ಚಿತ್ರಮಂದಿರದಲ್ಲಿ ಕೂತವರಿಗೆ ಅದು ಆ ವರ್ಷದ ಸುದ್ದಿಯೇ ಆಗಿತ್ತು.

ಆ ಮೃಗವನ್ನು ಕೊಲ್ಲಬಲ್ಲ ಅಸ್ತ್ರ ಇರುವುದು ಸೆರಿಜಾವಾ ಎಂಬ ವಿಜ್ಞಾನಿಯ ಬಳಿ. ಇವತ್ತು ಬಳಸಿದರೆ ನಾಳೆ ಯುದ್ಧಕ್ಕೂ ಕೇಳುತ್ತಾರೆ ಎಂದು ಅವನು ಹೆದರುತ್ತಾನೆ. ಬರೆದಿಟ್ಟ ಕಾಗದಗಳನ್ನೆಲ್ಲ ಸುಡುತ್ತಾನೆ. ಆದರೆ ಲೆಕ್ಕ ಅವನ ತಲೆಯಲ್ಲಿ ಉಳಿದಿದೆ. ಸಮುದ್ರದ ತಳಕ್ಕೆ ಇಳಿದು ಅಸ್ತ್ರ ಬಿಟ್ಟವನು ಮತ್ತೆ ಮೇಲೆ ಬರುವುದಿಲ್ಲ.