ನೋಟು ಬೇರೆ, ಚಿಲ್ಲರೆ ಬೇರೆ: ಮ್ಯಾಜಿಕಾ ಟ್ಯಾಂಕ್ ಕಟ್ಟುವವರಿಗೆ ಅಧ್ಯಯನ ಟಿಪ್ಪಣಿ

ಪುಣೆಯಲ್ಲಿರುವ ತಮ್ಮ ಒಂದು ರಾತ್ರಿ ಫೋನ್ ಮಾಡಿ, ನಾವಿಬ್ಬರೂ ಆಡುವ ಆನ್‌ಲೈನ್ ಆಟದ ಬಗ್ಗೆ ಕೇಳಿದ: "ಅಣ್ಣಾ, ನಾನೊಂದು ಮ್ಯಾಜಿಕಾ ಟ್ಯಾಂಕ್ ಮಾಡಿದ್ದೇನೆ. ಅರುವತ್ನಾಲ್ಕು ಅಂಕಗಳನ್ನೂ ಮ್ಯಾಜಿಕಾಕ್ಕೇ ಸುರಿದಿದ್ದೇನೆ. ಆದರೂ ಬಾಸ್ ಒಂದೇ ಏಟಿಗೆ ಮಲಗಿಸಿಬಿಡುತ್ತಾನೆ. ತಪ್ಪಿದ್ದು ಎಲ್ಲಿ?"

ಫೋನಿನಲ್ಲಿ ಒಂದೇ ಮಾತಿಗೆ ಮುಗಿಯುವ ಪ್ರಶ್ನೆ ಅದಾಗಿರಲಿಲ್ಲ. ಅವನಿಗೂ, ಅವನ ಹಾಗೆ ಈಗಷ್ಟೇ ಕೈ ಹಾಕಿರುವ ಇತರರಿಗೂ ಬರೆದಿಟ್ಟ ಟಿಪ್ಪಣಿ ಇದು. ನಾವು ಆಡುವುದು 'ದಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್'. 2014ರ ಏಪ್ರಿಲ್‌ನಲ್ಲಿ ಕಂಪ್ಯೂಟರಿಗೆ ಬಂದ ಆಟ. ಪಾತ್ರಕ್ಕೆ ಇಲ್ಲಿ ಮೂರು ಬಗೆಯ ಬಲ: ಹೆಲ್ತ್ ಅಂದರೆ ಜೀವ, ಮ್ಯಾಜಿಕಾ ಅಂದರೆ ಮಂತ್ರಬಲ, ಸ್ಟ್ಯಾಮಿನಾ ಅಂದರೆ ದೇಹಬಲ. ಇಲ್ಲಿನ ಅಂಕಿಗಳನ್ನು ಪ್ರತಿ ಪರಿಷ್ಕರಣೆಯಲ್ಲೂ ತಿದ್ದುತ್ತಾರೆ. ಆದ್ದರಿಂದ ಅಂಕಿಯನ್ನು ಉರುಹೊಡೆಯಬೇಡಿ, ಲೆಕ್ಕ ಮಾಡುವ ಕ್ರಮವನ್ನು ಹಿಡಿದುಕೊಳ್ಳಿ.

ಟ್ಯಾಂಕ್ ಅಂದರೆ ಗುಂಪಿನ ಪರವಾಗಿ ಏಟು ತಿನ್ನುವವನು ಎಂದು ಎಲ್ಲರೂ ಹೇಳಿಕೊಡುತ್ತಾರೆ. ಅಷ್ಟಕ್ಕೇ ನಿಲ್ಲಿಸುವುದರಿಂದ ಕಲಿಯುವವರು ದಾರಿ ತಪ್ಪುತ್ತಾರೆ. ಬಾಸ್, ಅಂದರೆ ದೊಡ್ಡ ಶತ್ರು, ನಿಮ್ಮನ್ನೇ ನೋಡುತ್ತಿರಬೇಕು, ಒಂದೇ ಜಾಗದಲ್ಲಿ ನಿಂತಿರಬೇಕು, ಅವನ ಬೆನ್ನು ಉಳಿದವರ ಕಡೆಗಿರಬೇಕು. ಗುಂಪಾಗಿ ಕಾದಾಡುವ ಜಾಗವಾದ ಡಂಜನ್‌ನಲ್ಲಿ ನಾಲ್ವರು ಇರುತ್ತಾರೆ: ಒಬ್ಬ ಟ್ಯಾಂಕ್, ಗಾಯ ಗುಣಪಡಿಸುವ ಒಬ್ಬ ಹೀಲರ್, ಹೊಡೆಯುವವರು ಇಬ್ಬರು. ಬಾಸ್ ಅತ್ತಿತ್ತ ಓಡಾಡಿದರೆ ಆ ಇಬ್ಬರು ನೆಲಕ್ಕೆ ಹಾಸಿದ ಮಂತ್ರಗಳೆಲ್ಲ ಖಾಲಿ ನೆಲಕ್ಕೆ ಬಿದ್ದ ಹಾಗೆ. ನೀವು ಸಾಯದೆ ಉಳಿದಿದ್ದರೂ ಕಾದಾಟ ಕೆಟ್ಟಂತೆಯೇ.

ಮಂತ್ರವಾದಿ ಟ್ಯಾಂಕ್ ಆಗುವುದು ಹೊಸ ಸಂಗತಿಯಲ್ಲ. 2006ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಇನ್ನೊಂದು ಆಟದ ಆನ್‌ಕಿರಾಜ್ ದೇಗುಲದಲ್ಲಿ ಅವಳಿ ಚಕ್ರವರ್ತಿಗಳು ಎದುರಾದರು. ಅವರಲ್ಲಿ ಒಬ್ಬನಾದ ವೆಕ್‌ಲೋರ್‌ಗೆ ಕತ್ತಿಯ ಏಟು ತಾಗುತ್ತಲೇ ಇರಲಿಲ್ಲ. ಹಾಗಾಗಿ ಗುರಾಣಿ ಹಿಡಿದ ಯೋಧರ ಬದಲು ವಾರ್‌ಲಾಕ್ ಎಂಬ ಮಂತ್ರವಾದಿಗಳು ಅವನೆದುರು ನಿಂತು, ಮಂತ್ರದಿಂದಲೇ ಅವನ ಸಿಟ್ಟನ್ನು ತಮ್ಮ ಮೇಲೆ ಎಳೆದುಕೊಂಡರು. ಆ ಆಟದಲ್ಲಿ ಬಾಸ್‌ನ ಸಿಟ್ಟು ಒಂದು ಲೆಕ್ಕದ ಖಾತೆ; ಯಾರ ಹೆಸರಿನಲ್ಲಿ ಹೆಚ್ಚು ಜಮೆಯಾಗಿದೆಯೋ ಅವರತ್ತ ಅವನು ತಿರುಗುತ್ತಾನೆ. ನಮ್ಮ ಆಟದ ನಿಯಮ ಬೇರೆ. ಇಲ್ಲಿ ಟಾಂಟ್ ಹಾಕಿದರೆ, ಅಂದರೆ ಬಾಸ್‌ನನ್ನು ಕೆಣಕಿ ನಿಮ್ಮತ್ತ ಸೆಳೆದರೆ, ಹದಿನೈದು ಸೆಕೆಂಡು ಬಾಸ್ ನಿಮ್ಮವನು. ಹದಿನಾರನೆಯ ಸೆಕೆಂಡಿನಲ್ಲಿ ನಿಮ್ಮ ಹಿಡಿತ ಇಲ್ಲ. ಆ ಆಟದಿಂದ ಬಂದವರು ಒಮ್ಮೆ ಟಾಂಟ್ ಹಾಕಿ, ಮುಂದೆ ಹೊಡೆಯುತ್ತಾ ಹೋದರೆ ಸಾಕೆಂದುಕೊಳ್ಳುತ್ತಾರೆ. ಹನ್ನೆರಡು ಎಣಿಸುವ ಹೊತ್ತಿಗೆ ಮತ್ತೆ ಟಾಂಟ್ ಹಾಕುವುದು ರೂಢಿಯಾಗಬೇಕು.

ಎರಡು ಪೆಟ್ಟಿಗೆಗಳು

ನಾನು ಮುಂಬಯಿಯ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕುಳಿತುಕೊಳ್ಳುವವನು. ಬೆಳಗ್ಗೆ ಏಳಕ್ಕೆ ಇಡ್ಲಿಗೆ ಜನ ಸಾಲುಗಟ್ಟಿದಾಗ ಗಲ್ಲಾದ ತುಂಬ ಐನೂರರ ನೋಟುಗಳಿದ್ದೂ ಚಿಲ್ಲರೆಯ ಡ್ರಾಯರ್ ಬರಿದಾದರೆ ಏನಾಗುತ್ತದೆಂದು ಗೊತ್ತಿದೆ. ಹಣ ಇದೆ, ವ್ಯಾಪಾರ ನಿಂತಿದೆ. ಅದಕ್ಕೇ ನಾವು ಹಿಂದಿನ ರಾತ್ರಿಯೇ ಚಿಲ್ಲರೆಯನ್ನು ಬೇರೆ ಎತ್ತಿಟ್ಟಿರುತ್ತೇವೆ, ಯಾರು ಕೇಳಿದರೂ ಅದನ್ನು ಮುಟ್ಟುವುದಿಲ್ಲ.

ಮ್ಯಾಜಿಕಾ ಟ್ಯಾಂಕಿನ ಗುಟ್ಟು ಇದೇ. ಸಾಮಾನ್ಯ ಟ್ಯಾಂಕ್ ಕತ್ತಿ ಗುರಾಣಿ ಹಿಡಿದು ಬ್ಲಾಕ್ ಮಾಡುತ್ತಾನೆ, ಅಂದರೆ ಏಟನ್ನು ತಡೆಯುತ್ತಾನೆ. ಪ್ರತಿ ಏಟಿಗೂ ಸ್ಟ್ಯಾಮಿನಾ ಖರ್ಚಾಗುತ್ತದೆ. ಆದರೆ ಬಾಸ್ ಕಟ್ಟಿಹಾಕಿದಾಗ ಬಿಡಿಸಿಕೊಳ್ಳಲು, ಉರುಳಿ ತಪ್ಪಿಸಿಕೊಳ್ಳಲು, ಶತ್ರುವಿನ ಮಂತ್ರವನ್ನು ಗುದ್ದಿ ನಿಲ್ಲಿಸಲು ಬೇಕಾಗುವುದೂ ಅದೇ ಸ್ಟ್ಯಾಮಿನಾ. ಬ್ಲಾಕ್ ಮಾಡಿ ಮಾಡಿ ಅದು ಮುಗಿದ ಕ್ಷಣದಲ್ಲೇ ಬಾಸ್ ಕಟ್ಟಿಹಾಕಿದರೆ ಮುಗಿಯಿತು. ಡಿಸ್ಟ್ರಕ್ಷನ್ ಸ್ಟಾಫ್ (ಮಂತ್ರದಂಡ) ಕೌಶಲದಲ್ಲಿ ಟ್ರೈ ಫೋಕಸ್ ಎಂಬ ಗುಣವಿದೆ. ಅದನ್ನು ಪಡೆದು ಐಸ್ ಸ್ಟಾಫ್ ಹಿಡಿದರೆ ಬ್ಲಾಕ್‌ನ ಖರ್ಚು ಮ್ಯಾಜಿಕಾದ ಲೆಕ್ಕಕ್ಕೆ ಹೋಗುತ್ತದೆ. ಮ್ಯಾಜಿಕಾ ನೋಟಾಯಿತು, ಸ್ಟ್ಯಾಮಿನಾ ಚಿಲ್ಲರೆಯಾಗಿ ಮುಟ್ಟದೆ ಉಳಿಯಿತು. ಎರಡು ಬಾರಿ ಬಿಡಿಸಿಕೊಳ್ಳುವಷ್ಟು ಸ್ಟ್ಯಾಮಿನಾ ಯಾವಾಗಲೂ ಪೆಟ್ಟಿಗೆಯಲ್ಲಿರಬೇಕೆಂಬುದು ನನ್ನ ನಿಯಮ. ಓಡುವಾಗಲೂ ಸ್ಟ್ಯಾಮಿನಾ ಕರಗುತ್ತದೆ, ಆದ್ದರಿಂದ ಬಾಸ್‌ನ ಕೋಣೆಯೊಳಗೆ ನಾನು ಓಡುವುದಿಲ್ಲ, ನಡೆಯುತ್ತೇನೆ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ನಿಮ್ಮ ಟಾಂಟ್, ರಕ್ಷಾಕವಚ, ಗುಣಪಡಿಸುವ ಮಂತ್ರ ಎಲ್ಲವೂ ಮ್ಯಾಜಿಕಾದಿಂದಲೇ ನಡೆಯುತ್ತವೆ. ಈಗ ಬ್ಲಾಕ್ ಕೂಡ ಅಲ್ಲಿಗೇ ಬಂದು ಸೇರಿತು. ಒಂದೇ ಗಲ್ಲಾದ ಮೇಲೆ ನಾಲ್ಕು ಕೈಗಳು. ಮ್ಯಾಜಿಕಾ ಬತ್ತಿದರೆ ಬ್ಲಾಕೂ ಇಲ್ಲ, ಟಾಂಟೂ ಇಲ್ಲ. ಹೀಗಾಗಿ ಎಷ್ಟು ತುಂಬಿಟ್ಟಿದ್ದೀರಿ ಎಂಬುದಕ್ಕಿಂತ ಎಷ್ಟು ಬೇಗ ಮತ್ತೆ ತುಂಬುತ್ತದೆ ಎಂಬುದನ್ನೇ ಹೆಚ್ಚು ನೋಡಬೇಕಾಗುತ್ತದೆ.

ತಮ್ಮನ ಲೆಕ್ಕ

ಅಂಕ ಹಂಚುವಾಗ ಹೆಲ್ತ್‌ಗೆ ಹಾಕಿದ ಒಂದು ಅಂಕಕ್ಕೆ 122 ಸಿಗುತ್ತದೆ, ಮ್ಯಾಜಿಕಾಕ್ಕೆ ಹಾಕಿದರೆ 111. ಒಟ್ಟು ಅಂಕ 64. ತಮ್ಮ ಎಲ್ಲವನ್ನೂ ಮ್ಯಾಜಿಕಾಕ್ಕೆ ಹಾಕಿದ್ದರಿಂದ 7,104 ಮ್ಯಾಜಿಕಾ ಬಂತು, ಹೆಲ್ತ್ 19,000ದಲ್ಲೇ ನಿಂತಿತು. ರಕ್ಷಾಂಕ 26,400 ಇತ್ತು. ಪ್ರತಿ 660 ರಕ್ಷಾಂಕಕ್ಕೆ ಶೇ. 1ರಷ್ಟು ಏಟು ಕಡಿಮೆಯಾಗುತ್ತದೆ, ಅಂದರೆ ಅವನಿಗೆ ಶೇ. 40 ತಡೆ. ಹೆಚ್ಚೆಂದರೆ ಶೇ. 50ರವರೆಗೆ ಹೋಗಬಹುದು, ಅಂದರೆ ಸುಮಾರು 33,000. ಅದರಾಚೆಗೆ ಸೇರಿಸಿದ್ದೆಲ್ಲ ವ್ಯರ್ಥ.

ಲೆಕ್ಕಕ್ಕೆ ಸುಲಭವಾಗಲಿ ಎಂದು ಬಾಸ್‌ನ ದೊಡ್ಡ ಏಟನ್ನು 40,000 ಎಂದು ಇಟ್ಟುಕೊಳ್ಳೋಣ. ಶೇ. 40 ತಡೆಯಲ್ಲಿ ಉಳಿಯುವುದು 24,000. ಬ್ಲಾಕ್ ಹಿಡಿದಿದ್ದರೆ ಉಳಿದುದರಲ್ಲಿ ಮತ್ತೆ ಅರ್ಧ ಹೋಗಿ 12,000, ತಮ್ಮ ಬದುಕುತ್ತಾನೆ. ಒಂದೇ ಒಂದು ಸಲ ಬ್ಲಾಕ್ ತಪ್ಪಿದರೆ 24,000 ಏಟಿಗೆ 19,000 ಹೆಲ್ತ್ ಸಾಲುವುದಿಲ್ಲ. ಅವನು ಕೇಳಿದ ಪ್ರಶ್ನೆಗೆ ಇದೇ ಉತ್ತರ.

ನಾನು ಹೇಳಿದ ತಿದ್ದುಪಡಿ: 40 ಅಂಕ ಹೆಲ್ತ್‌ಗೆ, 24 ಮ್ಯಾಜಿಕಾಕ್ಕೆ. ಆಹಾರ ಮುಂತಾದ ಏರಿಕೆಗಳನ್ನು ಬದಿಗಿಟ್ಟರೆ ಹೆಲ್ತ್‌ಗೆ 4,880 ಸೇರಿ 23,880 ಆಯಿತು. ನೋಡಿ, ಇನ್ನೂ 120 ಕಡಿಮೆ! ಆ ಹಾಳೆಯ ಮೇಲೆ ನಾನು ಪೆನ್ಸಿಲ್ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹೆಲ್ತ್ ಒಂದನ್ನೇ ಬೆಳೆಸಿದರೆ ಕೆಲಸ ಆಗುವುದಿಲ್ಲ ಎಂಬುದು ಆ 120ರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತಮ್ಮನದು ವಾರ್ಡನ್ ಎಂಬ ವರ್ಗದ ಪಾತ್ರ. ವಾರ್ಡನ್‌ಗೆ ಫ್ರಾಸ್ಟ್ ಕ್ಲೋಕ್ ಎಂಬ ಮಂತ್ರವಿದೆ. ಅದು ತನಗೂ ಹತ್ತಿರದ ಸಂಗಡಿಗರಿಗೂ ಮೇಜರ್ ರಿಸಾಲ್ವ್ ಕೊಡುತ್ತದೆ, ಅಂದರೆ 5,948 ರಕ್ಷಾಂಕ. 26,400ಕ್ಕೆ ಅದನ್ನು ಕೂಡಿಸಿದರೆ 32,348, ತಡೆ ಶೇ. 49. ಈಗ ಅದೇ ಏಟಿನಲ್ಲಿ ಉಳಿಯುವುದು ಸುಮಾರು 20,400. ಬ್ಲಾಕ್ ತಪ್ಪಿದರೂ 3,400ಕ್ಕೂ ಹೆಚ್ಚು ಹೆಲ್ತ್ ಉಳಿದು, ಹೀಲರ್‌ಗೆ ಕೈ ಚಾಚಲು ಸಮಯ ಸಿಗುತ್ತದೆ. ಬ್ಲಾಕ್ ಹಿಡಿದಿದ್ದರೆ 10,200 ಮಾತ್ರ.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ಯೋಚಿಸಿ. ತಡೆ ಸೊನ್ನೆಯಿಂದ ಶೇ. 10ಕ್ಕೆ ಏರಿದಾಗ 40,000 ಏಟು 36,000 ಆಗುತ್ತದೆ. ನೀವು ತಿನ್ನುವ ಏಟಿನಲ್ಲಿ ಹತ್ತನೇ ಒಂದು ಪಾಲು ಕಡಿಮೆ. ಶೇ. 40ರಿಂದ 50ಕ್ಕೆ ಏರಿದಾಗ 24,000 ಇದ್ದದ್ದು 20,000 ಆಗುತ್ತದೆ. ಆರನೇ ಒಂದು ಪಾಲು ಕಡಿಮೆ. ಬೆಲೆ ಒಂದೇ, ಲಾಭ ಹೆಚ್ಚು. ಅಂಚಿನವರೆಗೆ ಹೋಗದೆ ಶೇ. 40ರಲ್ಲೇ "ಸಾಕು" ಎಂದು ನಿಲ್ಲಿಸುವವರು ಈ ಕೊನೆಯ ಮೆಟ್ಟಿಲಿನ ಲಾಭವನ್ನು ಬಿಟ್ಟುಕೊಡುತ್ತಾರೆ. ಟ್ಯಾಂಕ್‌ಗಳ ಬಗ್ಗೆ ನನಗೆ ಅತ್ಯಂತ ಪ್ರಿಯವಾದ ಲೆಕ್ಕ ಇದು.

ಬಟ್ಟೆಬರೆಯ ವಿಷಯ ಚಿಕ್ಕದು. ಏಳು ತುಂಡುಗಳಲ್ಲಿ ಐದು ಹೆವಿ, ಒಂದು ಮೀಡಿಯಂ, ಒಂದು ಲೈಟ್ ಹಾಕಿ. ಅನ್‌ಡಾಂಟೆಡ್ ಕೂಟದ ಗುಣದಿಂದ ಪ್ರತಿ ಬಗೆಗೂ ಶೇ. 2ರಂತೆ ಹೆಲ್ತ್, ಮ್ಯಾಜಿಕಾ, ಸ್ಟ್ಯಾಮಿನಾ ಮೂರೂ ಏರುತ್ತವೆ. ಸ್ಟರ್ಡಿ ಗುಣವಿರುವ ತುಂಡುಗಳು ಬ್ಲಾಕ್‌ನ ಖರ್ಚು ತಗ್ಗಿಸುತ್ತವೆ. ಸ್ಟಾಫ್ ಹಿಡಿದರೆ ಸೆಟ್‌ನ (ಒಟ್ಟಿಗೆ ಧರಿಸಿದರೆ ಹೆಚ್ಚು ಬಲ ಕೊಡುವ ತುಂಡುಗಳ ಗುಂಪಿನ) ಒಂದು ತುಂಡು ಕಡಿಮೆಯಾಗುತ್ತದೆ ಎಂಬ ಹಳೆಯ ಮಾತನ್ನು ಇನ್ನೂ ಕೆಲವರು ಹೇಳುತ್ತಾರೆ. 2018ರಿಂದ ಎರಡು ಕೈಯ ಆಯುಧ ಎರಡು ತುಂಡುಗಳ ಲೆಕ್ಕಕ್ಕೇ ಬರುತ್ತದೆ, ಆ ಭಯ ಬೇಡ. ಗುರಾಣಿಯ ಜೊತೆ ಬರುವ ರಕ್ಷಾಂಕ ಸ್ಟಾಫ್‌ಗೆ ಇಲ್ಲ ಎಂಬುದು ಮಾತ್ರ ನಿಜ. ಆ ಕೊರತೆಯನ್ನು ಮೇಲೆ ಹೇಳಿದ ಫ್ರಾಸ್ಟ್ ಕ್ಲೋಕ್‌ನಿಂದ ತುಂಬಬೇಕು.

ವರ್ಸೋವಾದ ಕೇಬಲ್ ಮತ್ತು ಬಾಸ್‌ನ ಸುತ್ತಿಗೆ

ಈ ಆಟದ ಸರ್ವರ್‌ಗಳಿರುವುದು ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿ. ನಾವು ಯುರೋಪಿನದನ್ನು ಆರಿಸಿಕೊಂಡಿದ್ದೇವೆ. ನನ್ನ ಡೊಂಬಿವಲಿಯ ಕೋಣೆಯಲ್ಲಿ ಒತ್ತಿದ ಗುಂಡಿಯ ಸಂದೇಶ ಸಮುದ್ರದಡಿಯ ಕೇಬಲ್ ಹಿಡಿದು ಅಲ್ಲಿಗೆ ಹೋಗಿ ಬರಬೇಕು. ಅಂಥ ಕೇಬಲ್‌ಗಳು ದಡ ಸೇರುವ ಜಾಗಗಳಲ್ಲಿ ನಮ್ಮ ವರ್ಸೋವಾ ಕೂಡ ಒಂದು. ನನ್ನ ಪರದೆಯಲ್ಲಿ ವಿಳಂಬ 150 ಮಿಲಿಸೆಕೆಂಡಿನ ಆಸುಪಾಸು ಕಾಣುತ್ತದೆ. ಬಾಸ್ ಸುತ್ತಿಗೆ ಎತ್ತಿದ್ದು ನನಗೆ ಕಾಣುವ ಹೊತ್ತಿಗೆ ಅಲ್ಲಿ ಅದು ಇಳಿಯತೊಡಗಿರುತ್ತದೆ. ಕಂಡ ಮೇಲೆ ಬ್ಲಾಕ್ ಒತ್ತಿದರೆ ತಡವಾಯಿತು.

ಆದ್ದರಿಂದ ನಾವು ಮೊದಲೇ ಬ್ಲಾಕ್ ಹಿಡಿದಿರಬೇಕು. ಹಿಡಿದಿದ್ದಕ್ಕೆ ಖರ್ಚಿಲ್ಲ, ಏಟು ಬಿದ್ದಾಗ ಮಾತ್ರ ಮ್ಯಾಜಿಕಾ ಹೋಗುತ್ತದೆ. ಆದರೆ ಐಸ್ ಸ್ಟಾಫ್‌ನಲ್ಲಿ ಬ್ಲಾಕ್ ಹಿಡಿದಷ್ಟು ಹೊತ್ತು ಮ್ಯಾಜಿಕಾ ತಾನಾಗಿ ತುಂಬುವುದು ನಿಲ್ಲುತ್ತದೆ. ಸಾಮಾನ್ಯವಾಗಿ ಎರಡು ಸೆಕೆಂಡಿಗೊಮ್ಮೆ ತುಂಬುವ ಆ ಹನಿ ತಪ್ಪಿಹೋಗುತ್ತದೆ. ಹೊಸಬರು ಗಾಬರಿಯಿಂದ ಬ್ಲಾಕ್ ಬಿಡುವುದೇ ಇಲ್ಲ, ಅರ್ಧ ಕಾದಾಟಕ್ಕೆ ಮ್ಯಾಜಿಕಾದ ನೀಲಿ ಪಟ್ಟಿ ಬತ್ತುತ್ತದೆ.

ಕಳೆದ ಭಾನುವಾರ ಫಂಗಲ್ ಗ್ರೊಟ್ಟೊ ಎಂಬ ಡಂಜನ್‌ನ ಕೊನೆಯ ಬಾಸ್ ಕ್ರಾಗ್‌ನ ಎದುರು ತಮ್ಮ ನಿಂತಿದ್ದ. ವಾಸ್ಕೋದಲ್ಲಿರುವ ಭಾವ ಹೀಲರ್, ನಾನು ಹೊಡೆಯುವವರಲ್ಲಿ ಒಬ್ಬ. ತಮ್ಮನ ಉಸಿರು ಹೆಡ್‌ಫೋನಿನಲ್ಲಿ ಕೇಳುತ್ತಿತ್ತು. ದೊಡ್ಡ ಏಟು ಬಿತ್ತು, ಬ್ಲಾಕ್ ನಿಂತಿತು. "ಈಗ ಬಿಡು" ಎಂದೆ. ಅವನು ಬಿಡಲಿಲ್ಲ. ಮತ್ತೊಂದು ಏಟು. "ಈಗ ಬಿಡು, ಸ್ಟಾಫಿನ ಭಾರದ ಏಟು ಕೊಡು" ಎಂದು ಭಾವನೂ ಹೇಳಿದರು. ಈ ಸಲ ಅವನು ಕೈ ಸಡಿಲಿಸಿ ಗುಂಡಿಯನ್ನು ಒತ್ತಿ ಹಿಡಿದ; ಸ್ಟಾಫಿನ ತುದಿಯಲ್ಲಿ ಹಿಮ ಸೇರಿ, ಪೂರ್ತಿ ತುಂಬಿ, ಹಾರಿತು. ಪೂರ್ತಿ ತುಂಬಿದ ಭಾರದ ಏಟು ತಾಗಿದರೆ ಮ್ಯಾಜಿಕಾ ವಾಪಸು ಬರುತ್ತದೆ. ಪಟ್ಟಿ ಮೇಲೇರಿದ್ದನ್ನು ಕಂಡು ಅವನು "ಓ!" ಎಂದ. ಆಮೇಲೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಎರಡು ದೊಡ್ಡ ಏಟುಗಳ ನಡುವಿನ ಬಿಡುವನ್ನು ಅವನ ಕೈಯೇ ಕಂಡುಕೊಂಡಿತು.

ಮ್ಯಾಜಿಕಾ ಟ್ಯಾಂಕ್ ಮರೆಯಬಾರದ ಇನ್ನೊಂದು ಸಾಲವಿದೆ. ಗುರಾಣಿಯವನ ಪಂಕ್ಚರ್ ಏಟು ಟಾಂಟ್ ಹಾಕುವುದರ ಜೊತೆಗೆ ಬಾಸ್‌ನ ರಕ್ಷಾಂಕವನ್ನೂ 5,948ರಷ್ಟು ಇಳಿಸುತ್ತದೆ. ನಮ್ಮ ದೂರದ ಟಾಂಟ್ ಆದ ಇನ್ನರ್ ಫೈರ್ ಅದನ್ನು ಮಾಡುವುದಿಲ್ಲ. ಹಾಗಾಗಿ ಸ್ಟಾಫ್ ಕೌಶಲದ ವೀಕ್‌ನೆಸ್ ಟು ಎಲಿಮೆಂಟ್ಸ್ ಅನ್ನು ಮಂತ್ರಗಳ ಪಟ್ಟಿಯಲ್ಲಿ ಇಟ್ಟು, ಅಷ್ಟೇ ಇಳಿಕೆಯನ್ನು ನಾವೇ ತರಬೇಕು. ತರದಿದ್ದರೆ ಹೊಡೆಯುವ ಇಬ್ಬರ ಶ್ರಮ ಸೋರಿಹೋಗುತ್ತದೆ, ಕಾದಾಟ ಉದ್ದವಾಗುತ್ತದೆ, ಉದ್ದವಾದಷ್ಟೂ ನಮ್ಮ ಮ್ಯಾಜಿಕಾದ ಮೇಲೇ ಭಾರ.

ಯಾವ ವರ್ಗದ ಪಾತ್ರ ಒಳ್ಳೆಯದು ಎಂದು ಕೇಳುವವರಿಗೆ: ಮೊದಲ ಪಾತ್ರಕ್ಕೆ ವಾರ್ಡನ್. ಹಿಮದ ಮಂತ್ರಗಳು ಐಸ್ ಸ್ಟಾಫ್ ಜೊತೆ ಸಹಜವಾಗಿ ಹೊಂದುತ್ತವೆ, ಆರ್ಕ್ಟಿಕ್ ವಿಂಡ್ ನಿಮ್ಮ ಹೆಲ್ತ್‌ಗೆ ತಕ್ಕಂತೆ ಗುಣಪಡಿಸುತ್ತದೆ. ಸಾರ್ಸರರ್ ಇಷ್ಟಪಡುವವರಿಗೆ ಡಾರ್ಕ್ ಡೀಲ್ ಇದೆ; ಮ್ಯಾಜಿಕಾ ಕೊಟ್ಟು ಹೆಲ್ತ್ ಮತ್ತು ಸ್ಟ್ಯಾಮಿನಾ ಪಡೆಯಬಹುದು, ನೋಟು ಮುರಿಸಿ ಚಿಲ್ಲರೆ ಮಾಡಿಕೊಂಡ ಹಾಗೆ. 2025ರಲ್ಲಿ ಬಂದ ಬದಲಾವಣೆಯಿಂದ ಐವತ್ತನೇ ಹಂತ ಮುಟ್ಟಿದವರು ಬೇರೆ ವರ್ಗದ ಕೌಶಲಗಳನ್ನೂ ಬೆರೆಸಬಹುದು. ಮೂಲ ವರ್ಗದ ರುಚಿ ಹತ್ತುವ ಮೊದಲೇ ಅದಕ್ಕೆ ಕೈ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಹದಿನೈದನೇ ಹಂತದಲ್ಲಿ ಎರಡನೇ ಆಯುಧದ ಪಟ್ಟಿ ತೆರೆಯುತ್ತದೆ. ತಮ್ಮ ಅಲ್ಲಿ ಕತ್ತಿ ಗುರಾಣಿ ಇಟ್ಟುಕೊಂಡಿದ್ದಾನೆ: ಮ್ಯಾಜಿಕಾ ಕಾಲು ಭಾಗಕ್ಕೆ ಇಳಿದಾಗ ಆ ಕಡೆಗೆ ಹೊರಳಿ ಎರಡು ಏಟು ಸ್ಟ್ಯಾಮಿನಾದಿಂದ ತಡೆದು ಮತ್ತೆ ಸ್ಟಾಫ್‌ಗೆ ಮರಳುತ್ತಾನೆ. ಮುಂದಿನ ಭಾನುವಾರ ಸ್ಪಿಂಡಲ್‌ಕ್ಲಚ್ ಎಂಬ ಡಂಜನ್‌ಗೆ ಹೋಗುತ್ತೇವೆ. ಅಲ್ಲಿ ಅವನು ಮಾಡಬೇಕಾದ ಅಭ್ಯಾಸ ಒಂದೇ, ಕಾದಾಟ ಮುಗಿದಾಗ ಸ್ಟ್ಯಾಮಿನಾ ಎಷ್ಟು ಉಳಿದಿತ್ತೆಂದು ಪ್ರತಿ ಬಾಸ್ ಆದ ಮೇಲೂ ನನಗೆ ಹೇಳಬೇಕು. ನಾನು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ.