ತಪ್ಪು ಪಾದದ್ದು, ದೂರು ಭುಜದ ಮೇಲೆ

ಸ್ನ್ಯಾಚ್ ಅಂದರೆ ವೇಟ್‌ಲಿಫ್ಟಿಂಗ್‌ನಲ್ಲಿ ಬಾರನ್ನು ನೆಲದಿಂದ ಒಂದೇ ಸಲಕ್ಕೆ ತಲೆಯ ಮೇಲೆ ಎತ್ತುವುದು. ಅದನ್ನು ಕಲಿಯಲು ಬಂದವರಿಗೆ ನಾನು ಮೊದಲ ದಿನ ಬಾರ್ ಕೊಡುವುದಿಲ್ಲ, ಒಂದು ಕೋಲು ಕೊಡುತ್ತೇನೆ. ಅಗಲವಾಗಿ ಹಿಡಿದು, ತಲೆಯ ಮೇಲೆ ಎತ್ತಿ, ಪೂರ್ತಿ ಕೆಳಗೆ ಕೂತುಕೊಳ್ಳಿ ಅನ್ನುತ್ತೇನೆ. ಸಾಮಾನ್ಯವಾಗಿ ಕೋಲು ಅರ್ಧ ದಾರಿಯಲ್ಲೇ ಮುಂದಕ್ಕೆ ವಾಲುತ್ತದೆ. ‘ಸರ್, ನನ್ನ ಭುಜ ತುಂಬಾ ಬಿಗಿ’ ಅನ್ನುತ್ತಾರೆ. ನಾನು ಅವರ ಎರಡೂ ಹಿಮ್ಮಡಿಯ ಕೆಳಗೆ ಬಾರಿಗೆ ಹಾಕುವ ಒಂದೊಂದು ಸಣ್ಣ ತೂಕದ ಪ್ಲೇಟ್ ಇಟ್ಟು ಮತ್ತೆ ಕೂರಿಸುತ್ತೇನೆ. ಅದೇ ಭುಜ, ಅದೇ ಕೋಲು. ಎಷ್ಟೋ ಜನರಿಗೆ ಈ ಸಲ ಕೋಲು ಅಲ್ಲಾಡುವುದೇ ಇಲ್ಲ.

ಪಾದದ ಕೀಲು ಸಾಕಷ್ಟು ಬಾಗದಿದ್ದರೆ ಮಂಡಿ ಮುಂದಕ್ಕೆ ಹೋಗುವುದಿಲ್ಲ. ಆಗ ಸೊಂಟ ಹಿಂದಕ್ಕೆ ಸರಿಯುತ್ತದೆ, ಬೀಳದಿರಲೆಂದು ಎದೆ ಮುಂದಕ್ಕೆ ಬಗ್ಗುತ್ತದೆ. ಎದೆ ಬಗ್ಗಿದ ಮೇಲೂ ಕೋಲು ಪಾದದ ನೇರಕ್ಕೇ ಇರಬೇಕೆಂದರೆ ಭುಜ ಇನ್ನಷ್ಟು ಹಿಂದಕ್ಕೆ ತಿರುಗಬೇಕು. ಅಷ್ಟು ತಿರುಗುವ ಭುಜ ಎಷ್ಟು ಜನಕ್ಕಿದೆ? ವೇಟ್‌ಲಿಫ್ಟಿಂಗ್ ಶೂಗಳ ಹಿಮ್ಮಡಿ ಸುಮಾರು 2 ಸೆಂ.ಮೀ. ಎತ್ತರ ಇರುವುದು ಇದಕ್ಕೇ. ನಾನೂ ಶುರುವಿನಲ್ಲಿ ತಿಂಗಳುಗಟ್ಟಲೆ ರಬ್ಬರ್ ಬ್ಯಾಂಡ್ ಹಿಡಿದು ಸುಮ್ನೆ ಭುಜ ಎಳೆದವನೇ.

ಮನೆಯಲ್ಲೇ ನೋಡಿಕೊಳ್ಳಬಹುದು. ಕಾಲಿನ ಹೆಬ್ಬೆರಳು ಗೋಡೆಯಿಂದ 10 ಸೆಂ.ಮೀ. ದೂರ ಇರಲಿ. ಹಿಮ್ಮಡಿ ಎತ್ತದೆ ಮಂಡಿಯಿಂದ ಗೋಡೆ ಮುಟ್ಟಿ. ಮುಟ್ಟಿದರೆ ಪಾದದ ಚಿಂತೆ ಬಿಡಿ. ಬಹುಶಃ ಬಿಗಿ ಇರುವುದು ಬೆನ್ನಿನ ಮೇಲ್ಭಾಗದಲ್ಲೋ ಭುಜದಲ್ಲೋ. ಮುಟ್ಟದಿದ್ದರೆ, ಎಲ್ಲಿ ತಡೆಯುತ್ತದೆ ಎಂದು ಗಮನಿಸಿ. ಮೀನಖಂಡ ಎಳೆದಂತಾದರೆ ದಿನಾ ಸ್ಟ್ರೆಚ್ ಮಾಡಿ, ವಾರಗಳು ಹಿಡಿಯುತ್ತದೆ. ಪಾದದ ಕೀಲಿನ ಮುಂಭಾಗದಲ್ಲಿ ಚುಚ್ಚಿದರೆ ಜಾಸ್ತಿ ಒತ್ತಬೇಡಿ, ಫಿಸಿಯೋಗೆ ತೋರಿಸಿ.

ಕ್ಲೀನ್‌ನಲ್ಲಿ (ಬಾರನ್ನು ನೆಲದಿಂದ ಭುಜದವರೆಗೆ ಎತ್ತುವುದು) ಬೈಸಿಕೊಳ್ಳುವುದು ಮಣಿಕಟ್ಟು. ಬಾರನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೇ ಮೊಣಕೈ ಎತ್ತಲು ಹೋದರೆ ನೋಯದೆ ಇನ್ನೇನು? ಬಾರ್ ಕೂರಬೇಕಾದದ್ದು ಭುಜದ ಮುಂಭಾಗದ ಮೇಲೆ. ಹಿಡಿತ ಸಡಿಲಿಸಿ, ಎರಡು ಮೂರು ಬೆರಳು ಬಾರಿನ ಕೆಳಗಿದ್ದರೆ ಸಾಕು.

ಮೈ ಪೂರ್ತಿ ಸಡಿಲವಾಗಲಿ, ಆಮೇಲೆ ಲಿಫ್ಟ್ ಕಲಿಯುತ್ತೇನೆ ಅಂತ ಕಾಯುವವರಿದ್ದಾರೆ. ಬೇಡ. ಬಾರನ್ನು ನೆಲದಿಂದಲೇ ಎತ್ತಬೇಕೆಂದಿಲ್ಲ. ನಿಂತೇ ಹಿಡಿದು ತೊಡೆಯ ಮೇಲ್ಭಾಗದಿಂದ ಶುರುಮಾಡಿ, ಆಮೇಲೆ ಮಂಡಿಯಿಂದ, ಕೊನೆಗೆ ನೆಲದಿಂದ. ಪವರ್ ಸ್ನ್ಯಾಚ್‌ನಲ್ಲಿ ಪೂರ್ತಿ ಕೂರುವ ಅಗತ್ಯವೇ ಇಲ್ಲ. ಕಾಲು ನೆಲ ಒತ್ತಿ ಮುಗಿಸುವ ಮೊದಲೇ ಕೈ ಮಡಚುವುದು ಎಲ್ಲರೂ ಮಾಡುವ ತಪ್ಪು. ಅದನ್ನು ತಿದ್ದಲು ಆಳವಾದ ಸ್ಕ್ವಾಟ್ ಬೇಕಿಲ್ಲ, ಅಲ್ವಾ? ಒಂದು ಸೆಟ್‌ಗೆ 2-3 ಸಲ ಸಾಕು. ದಣಿದ ಮೈ ತಪ್ಪನ್ನೇ ಕಲಿಯುತ್ತದೆ. ಪುರುಷರ ಬಾರ್ 20 ಕೆ.ಜಿ., ಮಹಿಳೆಯರದು 15. ಹೊಸಬರಿಗೆ ಅದೇ ಭಾರವಾದರೆ ಕೋಲೇ ಇರಲಿ.

ಪ್ರತಿ ಸೆಷನ್ನಿನ ಕೊನೆಗೆ ಕೋಲನ್ನು ತಲೆಯ ಮೇಲೆ ಹಿಡಿದು ಕೆಳಗೆ ಕೂತು, 5 ಸೆಕೆಂಡ್ ಅಲ್ಲೇ ಉಸಿರಾಡಿ. ಹಿಮ್ಮಡಿಯ ಕೆಳಗಿನ ಪ್ಲೇಟ್ ವಾರ ಕಳೆದಂತೆ ತೆಳುವಾಗುತ್ತಾ ಬರಲಿ. ಕೋಲು ಮತ್ತೆ ವಾಲಿದ ದಿನ ದಪ್ಪದ್ದನ್ನೇ ಇಟ್ಟುಕೊಳ್ಳಿ.